ಎರಡು ಕಾರು, ಒಂದು ಮುಂದಿನ ಸೀಟು

ಝೆರಾ ಕೊಳ್ಳಬೇಕೋ ಟ್ರಿವಾ ಕೊಳ್ಳಬೇಕೋ ಎಂದು ಅಫಜಲಪುರದ ಆ ಮನೆಯಲ್ಲಿ ಮೂರು ವಾರ ನಡೆದ ಜಗಳ ಕೇಳಿದವರಿಗೆ, ಅವೆರಡೂ ಬೇರೆ ಬೇರೆ ಲೋಕದ ಗಾಡಿಗಳು ಎಂದೇ ಅನಿಸಬೇಕು. ಅಯ್ಯೋ, ಎಲ್ಲಿಯದು! ಒಂದೇ ಕಂಪನಿ ಎರಡು ಹೆಸರು ಇಟ್ಟುಕೊಂಡು, ಕಲಬುರಗಿಯಲ್ಲಿ ಎರಡು ಶೋರೂಮು ತೆರೆದು ಮಾರುವ ಗಾಡಿಗಳು ಅವು. ಎಂಜಿನ್ ಒಂದೇ, ಗೇರು ಒಂದೇ, ಕಿಟಕಿ ಇಳಿಸುವ ಗುಂಡಿ ಕೂಡ ಒಂದೇ. ಮುಂದಿನ ಮೋರೆ ಬೇರೆ, ಹಿಂದಿನ ದೀಪ ಬೇರೆ. ಅಷ್ಟಕ್ಕೇ ಅಣ್ಣತಂಗಿ ಮಾತು ಬಿಡುವ ಹಂತಕ್ಕೆ ಬಂದಿದ್ದರು.

ಅಣ್ಣ ಪ್ರಬುದ್ಧ ಅಫಜಲಪುರದಲ್ಲೇ ವಿದ್ಯುತ್ ಕಂಪನಿಯ ಎಂಜಿನಿಯರು; ಅವನು ಝೆರಾದ ಕಡೆ. ತಂಗಿ ಪಲ್ಲವಿ ಜೇವರ್ಗಿಯ ಕಾಲೇಜಿನಲ್ಲಿ ಪಾಠ ಹೇಳುವವಳು. ಅವಳು ಟ್ರಿವಾದ ಕಡೆ. ಶನಿವಾರ ಬಂತೆಂದರೆ ಸಾಕು, ಜೇವರ್ಗಿಯಿಂದ ಬಸ್ಸು ಹತ್ತಿ ಜಗಳಕ್ಕೆಂದೇ ಬರುತ್ತಿದ್ದಳು.

"ಟ್ರಿವಾಕ್ಕ ಸನ್‌ರೂಫ್ ಅದ ಅಣ್ಣಾ!"

"ಈ ಬಿಸಿಲಾಗ ಮಾಳಗಿ ತೆರದು ಏನ್ ನೋಡ್ತಿ ಬೇ? ನೆತ್ತಿ ಸುಟ್ಕೋತಿ. ಝೆರಾದ ಸ್ಕ್ರೀನ್ ನೋಡು, ಟಿವಿ ಇದ್ದಂಗದ."

"ಗಾಡಿ ಹೊಡೀತಿಯೋ ಸೀರಿಯಲ್ ನೋಡ್ತಿಯೋ?"

ಅಪ್ಪ ದತ್ತಪ್ಪ ಮಾತ್ರ ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ. ಆಳಂದ ಡಿಪೋದಲ್ಲಿ ಮೂವತ್ತೊಂದು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತನಾದವನು. ಆಳಂದದಿಂದ ಕರಜಗಿ ಮೇಲೆ ಅಫಜಲಪುರಕ್ಕೆ ಅವನು ಹೋಗಿ ಬಂದದ್ದಕ್ಕೆ ಲೆಕ್ಕವಿಲ್ಲ. ಸ್ವಂತಕ್ಕೆಂದು ಒಂದು ಕಾರು ಮಾತ್ರ ಈವರೆಗೂ ಇರಲಿಲ್ಲ. ಏಪ್ರಿಲ್ ಹದಿನಾಲ್ಕರ ಜಯಂತಿಯೊಳಗೆ ಗಾಡಿ ಮನೆ ಮುಂದೆ ನಿಂತಿರಬೇಕು ಎಂದು ಒಂದೇ ಮಾತು ಹೇಳಿ ಸುಮ್ಮನಾಗಿದ್ದ. ಯಾವುದು ಎಂದು ಕೇಳಿದರೆ, "ನಾಕು ಗಾಲಿ ಇರ್ಲಿ, ಸಾಕು" ಎನ್ನುತ್ತಿದ್ದ.

ಇನ್ನು ಅವ್ವ ಭಾಗಮ್ಮ. ಅವಳನ್ನು ಯಾರೂ ಕೇಳಲೇ ಇಲ್ಲ. ಕೇಳಿದ್ದರೆ ಮೂರು ವಾರದ ಜಗಳ ಮೂರು ನಿಮಿಷದಲ್ಲಿ ಮುಗಿಯುತ್ತಿತ್ತು! ಅವಳಿಗೆ ಬೇಕಾದದ್ದು ಝೆರಾನೂ ಅಲ್ಲ, ಟ್ರಿವಾನೂ ಅಲ್ಲ. ಗಂಡನ ಪಕ್ಕದ ಮುಂದಿನ ಸೀಟು. ಅಲ್ಲಿ ಕೂತು ಅವನ ಜೊತೆ ಮಾತಾಡಬೇಕು, ಅಷ್ಟೆ. ತವರೂರು ಜಿಡಗಾಕ್ಕೆ ಹೋಗುವಾಗಲೆಲ್ಲ ಗಂಡನ ಬಸ್ಸಿನಲ್ಲೇ ಪೂರಾ ಟಿಕೆಟ್ ತೆಗೆಸಿ, ಹೆಂಗಸರ ಸೀಟಿನಲ್ಲಿ ಕೂತು ಹೋದವಳು ಅವಳು. ಸ್ಟೇರಿಂಗ್ ಹಿಡಿದ ದತ್ತಪ್ಪ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಮನೆಗೆ ಬಂದರೆ ಸುಸ್ತಾಗಿ ಉಂಡು ಮಲಗಿಬಿಡುತ್ತಿದ್ದ. ಮದುವೆಯಾಗಿ ಮೂವತ್ತಾರು ವರ್ಷವಾದರೂ, ಇಬ್ಬರೇ ಅಕ್ಕಪಕ್ಕ ಕೂತು ಒಂದು ತಾಸು ಮಾತಾಡಿದ್ದು ಅವಳಿಗೆ ನೆನಪಿಲ್ಲ.

ಇದನ್ನು ಮಕ್ಕಳ ಮುಂದೆ ಹೇಳಲು ನಾಚಿಕೆ. ಮೊಮ್ಮಕ್ಕಳನ್ನು ಆಡಿಸುವ ವಯಸ್ಸಿನಲ್ಲಿ ಇದೆಂಥ ಹುಚ್ಚು ಎಂದು ತನಗೆ ತಾನೇ ಬೈದುಕೊಳ್ಳುವಳು. ಮರುಕ್ಷಣವೇ ರೊಟ್ಟಿ ಬಡಿಯುತ್ತ, ಕಾರಿನಲ್ಲಿ ಮೊದಲು ಯಾವ ಮಾತು ತೆಗೆಯಬೇಕೆಂದು ಯೋಚಿಸಿ ಒಬ್ಬಳೇ ಕಿಸಕ್ಕನೆ ನಗುವಳು. ಒಂದು ದಿನವಂತೂ ಈ ಸಂಭ್ರಮದಲ್ಲಿ ಎರಡು ರೊಟ್ಟಿ ಕರಕಲಾದವು.

ಕೊನೆಗೆ ಮಾರ್ಚ್ ತಿಂಗಳ ಒಂದು ಭಾನುವಾರ ಎರಡೂ ಶೋರೂಮಿನವರು ಟೆಸ್ಟ್ ಡ್ರೈವಿಗೆಂದು ಗಾಡಿಗಳನ್ನು ಮನೆ ಬಾಗಿಲಿಗೇ ತಂದರು. ಝೆರಾದ ಜೊತೆ ನದೀಮ, ಟ್ರಿವಾದ ಜೊತೆ ಶೈಲಶ್ರೀ. ಎರಡೂ ಬಿಳಿ. ಒಂದೇ ಕಂಪನಿಯ ಸಂಬಳ ಉಣ್ಣುವ ಅವರಿಬ್ಬರೂ ಸವತಿಯರಂತೆ ದುರುಗುಟ್ಟಿಕೊಂಡು ನಿಂತಿದ್ದರು.

"ಅಮ್ಮಾ, ನಿಮಗಂತೇ ಹಿಂದಿನ ಸೀಟಿಗಿ ಬ್ಯಾರೆ ಎಸಿ ಕೊಟ್ಟಾರ್ರಿ" ಎಂದ ನದೀಮ.

"ನಮ್ಮದ್ರಾಗೂ ಅದ ಆಂಟಿ. ಮ್ಯಾಲ ಹಿಂದ ಕಿಡಕಿಗಿ ಪರದಾ ಫ್ರೀ!" ಎಂದಳು ಶೈಲಶ್ರೀ.

"ಕೇಳ್ದಿ ಏನವ್ವಾ? ಹಿಂದ ಮಹಾರಾಣಿ ಹಂಗ ಕುಂದ್ರು" ಎಂದ ಪ್ರಬುದ್ಧ.

ಹಿಂದ, ಹಿಂದ, ಹಿಂದ! ಭಾಗಮ್ಮನ ಮೈ ಉರಿದುಹೋಯಿತು.

ಮೊದಲು ಝೆರಾ ಹೊರಟಿತು. ಶೋರೂಮಿನವರು ಮುಂದೆಯೇ ಕೂರಬೇಕೆಂಬ ನಿಯಮವಂತೆ, ನದೀಮ ಮುಂದೆ ಕೂತ. ಹಿಂದೆ ಭಾಗಮ್ಮ, ಪ್ರಬುದ್ಧ. ಪಲ್ಲವಿ ಝೆರಾದೊಳಗೆ ಕಾಲಿಡುವುದಿಲ್ಲವೆಂದು ಶಪಥ ಮಾಡಿ ಗೇಟಿನಲ್ಲೇ ನಿಂತಳು. ದತ್ತಪ್ಪ ಸರ್ಕಲ್ಲಿನಲ್ಲಿ ಬಸ್ಸು ತಿರುಗಿಸುವಷ್ಟು ಅಗಲಕ್ಕೆ ಗಾಡಿ ತಿರುಗಿಸಿದ; ಪಾನಂಗಡಿಯ ಮುಂದೆ ನಿಂತವರು ದಿಕ್ಕಾಪಾಲಾದರು. ಊರು ದಾಟಿದ ಮೇಲೆ ಗಾಡಿ ಹದಕ್ಕೆ ಬಂತು. ನದೀಮ ಮೈಲೇಜಿನ ಮಾತು ತೆಗೆದಿದ್ದನಷ್ಟೇ, ಗಾಡಿ ನಿಧಾನವಾಯಿತು, ಎಡಗಡೆ ದೀಪ ಮಿನುಗಿತು, ರಸ್ತೆ ಪಕ್ಕದ ಬಸ್ ನಿಲ್ದಾಣದೆದುರು ನಿಂತೇಬಿಟ್ಟಿತು.

"ಅಪ್ಪಾ, ಯಾಕ ನಿಲ್ಸಿದ್ರಿ?"

ದತ್ತಪ್ಪನಿಗೇ ಗೊತ್ತಿರಲಿಲ್ಲ. ಮೂವತ್ತೊಂದು ವರ್ಷ ಆ ಜಾಗದಲ್ಲಿ ಬ್ರೇಕು ಒತ್ತಿದ ಕಾಲು, ಅವನನ್ನು ಕೇಳದೆಯೇ ಒತ್ತಿತ್ತು. ಅಷ್ಟರಲ್ಲಿ ನಿಲ್ದಾಣದಲ್ಲಿದ್ದ ಮುದುಕ ಇಮಾಮಸಾಬ ಬಗ್ಗಿ ನೋಡಿದ. ದತ್ತಪ್ಪನ ಬಸ್ಸಿನ ಹಳೆಯ ಗಿರಾಕಿ ಅವನು.

"ಅರೇ, ದತ್ತಪ್ಪ ಡ್ರೈವರ್! ಹೊಸಾ ಬಸ್ ಬಿಟ್ಟಾರೇನ್ರಿ?" ಎಂದವನೇ ಬಾಗಿಲು ತೆಗೆದು ಪ್ರಬುದ್ಧನನ್ನು ನಡುವಿಗೆ ಸರಿಸಿ ಕೂತ. ಕೂತು, ಹತ್ತರ ನೋಟೊಂದನ್ನು ನದೀಮನ ಹೆಗಲ ಮೇಲಿಂದ ಚಾಚಿದ. "ಕರಜಗಿ ಒಂದು."

"ಚಾಚಾ, ಇದು ಟೆಸ್ಟ್ ಡ್ರೈವ್ ಅದರಿ."

"ಯಾವುದರೆ ಇರ್ಲಿ ಬೇಟಾ, ಕರಜಗಿಗಿ ಹೋಗ್ತದಿಲ್ಲ?"

ಹೋಗುತ್ತದೆ ಎನ್ನದೆ ನದೀಮನಿಗೆ ಬೇರೆ ದಾರಿ ಇರಲಿಲ್ಲ. ಹವಳಗಾ ಕ್ರಾಸಿನಲ್ಲಿ ಕಾಲು ಮತ್ತೆ ಬ್ರೇಕು ಒತ್ತಿತು. ಅಲ್ಲಿ ಬದನೆಕಾಯಿ ಬುಟ್ಟಿ ಹಿಡಿದು ಚಂದಮ್ಮ ಕಾಯುತ್ತಿದ್ದಳು. ಜಾಗ ಇಲ್ಲ ಎಂದು ಪ್ರಬುದ್ಧ ಕೂಗಿದರೆ ಅವಳು ಕಿವಿಗೇ ಹಾಕಿಕೊಳ್ಳಲಿಲ್ಲ. ಬುಟ್ಟಿಯನ್ನು ಎಂಜಿನಿಯರನ ತೊಡೆಯ ಮೇಲಿಟ್ಟು, ಭಾಗಮ್ಮನ ಪಕ್ಕ ಒತ್ತಿ ಕೂತು, ಸೆರಗಿನ ಗಂಟಿನಿಂದ ಆಧಾರ್ ಕಾರ್ಡ್ ತೆಗೆದು ನದೀಮನ ಮೂಗಿನ ಮುಂದೆ ಹಿಡಿದಳು.

"ನಮಗ ಫ್ರೀ ಅದ. ಚೀಟಿ ಹರದು ಕೊಡಪಾ."

ಭಾಗಮ್ಮನಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಚಂದಮ್ಮನೂ ಯಾಕೆಂದು ಗೊತ್ತಿಲ್ಲದೆ ನಕ್ಕಳು. ಡಿಪೋದವರು ಬಹಳ ಸಣ್ಣ ಬಸ್ಸು ಕಳಿಸಿದ್ದಾರೆ, ಬರೆದು ಹಾಕಬೇಕು ಎಂದು ಇಮಾಮಸಾಬ ಗೊಣಗಿದ. ಇಷ್ಟೆಲ್ಲ ರಾಮಾಯಣ ನಡೆದರೂ ದತ್ತಪ್ಪ ಮಾತ್ರ ರಸ್ತೆಯ ಮೇಲಿಟ್ಟ ಕಣ್ಣು ಕೀಳಲಿಲ್ಲ, ಬಾಯಿ ಬಿಡಲಿಲ್ಲ. ಕರಜಗಿಯಲ್ಲಿ ಇಬ್ಬರನ್ನೂ ಇಳಿಸಿ ಹಿಂದಿರುಗುವಾಗ ಭಾಗಮ್ಮನ ನಗು ಇಳಿದಿತ್ತು. ಹೊಸ ಗಾಡಿ ಬಂದರೂ ತನ್ನ ಪಾಲಿಗೆ ಹಳೇ ಬಸ್ಸೇ ಗತಿ ಎನಿಸಿ ಅವಳಿಗೆ ಬಹಳ ಬೇಸರವಾಯಿತು.

ಮನೆ ಮುಟ್ಟಿದಾಗ ಪ್ರಬುದ್ಧನ ಪ್ಯಾಂಟಿಗೆ ಬದನೆಕಾಯಿ ಮಣ್ಣು ಮೆತ್ತಿತ್ತು. ಪಲ್ಲವಿ ಗೇಟು ಹಿಡಿದು ನಕ್ಕಿದ್ದೇ ನಕ್ಕಿದ್ದು. ಅವನು ಮುಖ ಗಂಟಿಕ್ಕಿ, ಟ್ರಿವಾ ಹತ್ತಿದರೆ ತನ್ನ ಹೆಸರು ಪ್ರಬುದ್ಧನೇ ಅಲ್ಲ ಎಂದು ಕಟ್ಟೆಯ ಮೇಲೆ ಕೂತ. ನದೀಮನೂ ಬೆವರು ಒರೆಸಿಕೊಂಡು ಅವನ ಪಕ್ಕ ಕೂತ.

ಟ್ರಿವಾ ಹೊರಟಾಗ ಹಿಂದೆ ಭಾಗಮ್ಮ, ಪಲ್ಲವಿ, ಮುಂದೆ ಶೈಲಶ್ರೀ. ಶೈಲಶ್ರೀ ಚುರುಕಿನ ಹುಡುಗಿ. "ಅಂಕಲ್, ಇದು ಎಕ್ಸ್‌ಪ್ರೆಸ್ ರೀ. ಎಲ್ಲೂ ಸ್ಟಾಪ್ ಇಲ್ಲ" ಎಂದು ಮೊದಲೇ ಹೇಳಿಟ್ಟಳು. ದತ್ತಪ್ಪ ತಲೆಯಾಡಿಸಿದ. ಕರಜಗಿಯವರೆಗೂ ಕಾಲನ್ನು ಹದ್ದುಬಸ್ತಿನಲ್ಲಿಟ್ಟ. ಮರಳುವಾಗ ಹವಳಗಾ ಕ್ರಾಸಿನಲ್ಲಿ ಕಾಲು ಸೋತಿತು. ಗಾಡಿ ನಿಂತಿತು.

ಮಧ್ಯಾಹ್ನದ ಬಿಸಿಲು. ನಿಲ್ದಾಣದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಭಾಗಮ್ಮ ಖಾಲಿ ನಿಲ್ದಾಣವನ್ನು ನೋಡಿದಳು, ಗಂಡನ ಬೆನ್ನನ್ನು ನೋಡಿದಳು. ಅವಳಿಗೆ ಏನಾಯಿತೋ ಏನೋ, ಬಾಗಿಲು ತೆಗೆದು ಕೆಳಗಿಳಿದು, ಮುಂದಿನ ಬಾಗಿಲಿಗೆ ಹೋಗಿ ಅದನ್ನು ತೆರೆದಳು.

"ಶೈಲಾ, ಹಿಂದ ಹೋಗವ್ವಾ. ಪ್ಯಾಸೆಂಜರ್ ಹತ್ತಬೇಕು."

"ಆಂಟಿ, ಹಿಂದ ನಿಮಗ ಎಸಿ..."

"ಆ ಎಸಿಗಿ ಬೆಂಕಿ ಹಾಕು!"

ಶೈಲಶ್ರೀ ನಿಯಮ ಗಿಯಮ ಎಲ್ಲ ಮರೆತು ಹಿಂದೆ ಹೋದಳು. ಭಾಗಮ್ಮ ಮುಂದಿನ ಸೀಟಿನಲ್ಲಿ ಕೂತು ಬಾಗಿಲು ಎಳೆದುಕೊಂಡಳು. ಗಾಡಿ ಹೊರಡಲಿಲ್ಲ.

"ಹಿಂದ ಹೋಗಿ ಕುಂದ್ರು ಬೇ" ಎಂದ ದತ್ತಪ್ಪ.

ಭಾಗಮ್ಮನ ಮುಖ ಬಾಡಿತು, ಮರುಗಳಿಗೆಯೇ ಕೆಂಪೇರಿತು. "ಯಾಕ? ಮೂವತ್ತೊಂದು ವರ್ಷ ಹಿಂದ ಕುಂತೇನಿ, ಸಾಲಲಿಲ್ಲೇನು? ನನಗ ಝೆರಾ ಬ್ಯಾಡ, ಟ್ರಿವಾ ಬ್ಯಾಡ. ನಿಮ್ಮ ಬಾಜೂಕ ಕುಂತು ನಾಕು ಮಾತು ಆಡಬೇಕಾಗ್ಯದ. ನನ್ನ ಜೋಡಿ ಮಾತಾಡಾಕ ಬ್ಯಾಸರ ಇದ್ರ ಈಗೇ ಹೇಳ್ರಿ, ಇಳೀತೇನಿ."

ದತ್ತಪ್ಪ ಸ್ಟೇರಿಂಗ್ ಸವರಿದ. ಆಮೇಲೆ ತಲೆಯ ಮೇಲಿನ ಕನ್ನಡಿಯನ್ನು ಬೆರಳಿನಿಂದ ಮುಟ್ಟಿ ತೋರಿಸಿದ.

"ನೀ ಇಲ್ಲಿ ಕುಂತ್ರ ಇದ್ರಾಗ ಕಾಣಂಗಿಲ್ಲ."

"ಏನು?"

"ಬಸ್ಸಿನಾಗ ಇದಕ್ಕಿಂತ ದೊಡ್ಡ ಕನ್ನಡಿ ಇತ್ತು. ಜಿಡಗಾಕ್ಕ ಹೋಗೋವಾಗ ನೀ ಕಿಡಕಿ ಕಡಿ ಕುಂದ್ರತಿದ್ದಿ. ನಿದ್ದಿ ಬಂದು ತಿರುವಿನಾಗ ತಲಿ ಸರಳಿಗಿ ಬಡೀತಿತ್ತು. ಅದಕ್ಕ ಆ ತಿರುವಿನಾಗ ನಾ ಹಗೂರ ಹೊಡೀತಿದ್ದೆ. ಟೈಮ್ ಆತು ಅಂತ ಕಂಡಕ್ಟರ್ ಬೈತಿದ್ದ." ಕಿವಿಯವರೆಗೂ ಕೆಂಪಾಗಿ, ರಸ್ತೆ ನೋಡುತ್ತಲೇ ಅವನು ಮುಗಿಸಿದ. "ನೀ ಹಿಂದ ಇದ್ರ ನನಗ ಛಲೋ ಅನಸ್ತದ."

ಭಾಗಮ್ಮ ಅಷ್ಟು ವರ್ಷದಿಂದ ಕೂಡಿಟ್ಟ ಸಿಟ್ಟೆಲ್ಲ ಎಲ್ಲಿ ಹೋಯಿತೋ! ಅಳು ಬಂತು, ನಗು ಬಂತು, ಯಾವುದು ಮೊದಲೆಂದು ತಿಳಿಯದೆ ಎರಡೂ ಒಟ್ಟಿಗೇ ಬಂದವು. ಸೆರಗಿನಿಂದ ಮೂಗು ಒರೆಸಿಕೊಂಡು ಗಂಡನ ತೋಳಿಗೆ ಒಂದು ಗುದ್ದು ಕೊಟ್ಟಳು.

"ಎಲಾ ಇವ್ರ! ಅಷ್ಟು ವರ್ಷ ನೀವೊಬ್ರೇ ನೋಡಿದ್ರಿ. ನಾ ಏನ್ ನೋಡ್ದೆ? ನಿಮ್ಮ ಬೆನ್ನು! ಇನ್ನ ನನ್ನ ಪಾಳಿ. ಮಾರಿ ನೋಡ್ಕೋತ ಕುಂದ್ರತೇನಿ. ಹೊಡೀರಿ ಗಾಡಿ."

ದತ್ತಪ್ಪ ಗೇರಿನ ಮೇಲೆ ಕೈ ಇಟ್ಟ. "ಬೆಲ್ಟ್ ಹಾಕ್ಕೋ" ಎಂದ. ಅವಳಿಗೆ ಸಿಗದಿದ್ದಾಗ ತಾನೇ ಬಗ್ಗಿ ಎಳೆದು ಹಾಕಿದ. ಹಿಂದೆ ಇಬ್ಬರು ಹುಡುಗಿಯರು ಒಬ್ಬರ ಕೈ ಒಬ್ಬರು ಹಿಸುಕಿ ನಗು ನುಂಗಿಕೊಂಡರು.

ಗಾಡಿ ಹೊರಟ ಸ್ವಲ್ಪ ಹೊತ್ತಿಗೆ ದತ್ತಪ್ಪ ಕೆಮ್ಮಿದ. ಮತ್ತೊಮ್ಮೆ ಕೆಮ್ಮಿದ. ಕೆಲಸಕ್ಕೆ ಸೇರಿದ ಮೊದಲ ದಿನ ಬಸ್ಸಿನೊಳಗೆ ಎಮ್ಮೆಗರುವೊಂದು ನುಗ್ಗಿದ್ದನ್ನು, ಇಳಿಯಲು ಅದು ಒಪ್ಪದೆ ಆಳಂದದವರೆಗೂ ಬಂದದ್ದನ್ನು ಹೇಳತೊಡಗಿದ. ನಡುವೆ ಹೆಂಡತಿ "ಹೌದೇನ್ರಿ!" ಎಂದದ್ದೇ ತಡ, ಮಾತಿನ ಕಟ್ಟೆಯೊಡೆಯಿತು. ಎಮ್ಮೆಗರು ಮುಗಿದರೆ ಕಂಡಕ್ಟರನ ಮದುವೆ, ಮದುವೆ ಮುಗಿದರೆ ಭೀಮಾ ಹೊಳೆಯ ಪ್ರವಾಹ! ಆ ಬಾಯೊಳಗೆ ಇಷ್ಟು ಮಾತು ಎಲ್ಲಿ ಅಡಗಿತ್ತೋ, ಪಲ್ಲವಿ ಬಾಯಿ ತೆರೆದು ಕೇಳುತ್ತ ಕೂತಳು. ಭಾಗಮ್ಮ ಮಾತು ಕೇಳುತ್ತಿದ್ದಳೋ ಮುಖ ನೋಡುತ್ತಿದ್ದಳೋ, ಅವಳಿಗೇ ಗೊತ್ತಿರಲಿಲ್ಲ.

ಅಫಜಲಪುರ ಬಂತು. ಮನೆ ಬಂತು. ಗೇಟಿನಲ್ಲಿ ಪ್ರಬುದ್ಧನೂ ನದೀಮನೂ ಎದ್ದು ನಿಂತು ಕೈ ಮಾಡಿದರು. ಟ್ರಿವಾ ಅವರ ಮುಂದಿನಿಂದಲೇ ಸೊಯ್ಯನೆ ಮುಂದೆ ಹೋಯಿತು.

"ಅಪ್ಪಾ! ಮನಿ ಹಿಂದ ಉಳೀತು!"

"ಉಳೀಲಿ ಬಿಡು. ಎಲ್ಲಿ ಓಡಿ ಹೋಗ್ತದದು?" ಎಂದಳು ಭಾಗಮ್ಮ, ತಿರುಗಿಯೂ ನೋಡದೆ. "ನೀವು ಹೊಡೀರಿ."

ಶೈಲಶ್ರೀ ಮೆಲ್ಲಗೆ ಮುಂದಕ್ಕೆ ಬಗ್ಗಿದಳು. "ಆಂಟಿ, ಹಂಗಾದ್ರ ಟ್ರಿವಾನೇ ಬುಕ್ ಮಾಡ್ಲಿನ್ರಿ?"

"ಇದು ಯಾವುದು? ಟ್ರಿವಾನೋ ಝೆರಾನೋ?"

"ಟ್ರಿವಾರಿ."

"ಹಂಗಾದ್ರ ಅದನ್ನೇ ಮಾಡು. ಇದ್ರಾಗಿಂದ ಇಳದು ಮತ್ತ ಯಾರ್ ಹತ್ತಬೇಕು?" ಎಂದು ಭಾಗಮ್ಮ ಆ ಮಾತನ್ನು ಅಲ್ಲಿಗೇ ಮುಗಿಸಿ ಗಂಡನ ಕಡೆ ಹೊರಳಿದಳು. "ಹೂಂ, ಹೊಳಿ ಬಂತು ಅಂದ್ರಲ್ಲ, ಆಮ್ಯಾಲೇನಾತ್ರಿ?"