ತ್ಸುಬಾಕಿ ಬಿದ್ದ ಸದ್ದು

ಗಾಲ್ಫ್‌ನಲ್ಲಿ ಒಂದೇ ಹೊಡೆತಕ್ಕೆ ಚೆಂಡು ಕುಳಿಗೆ ಬಿದ್ದರೆ ಆ ಕುಳಿಯ ಪಕ್ಕದಲ್ಲೊಂದು ಗಿಡ ನೆಡಬೇಕು. ನಮ್ಮಲ್ಲಿ ಅದು ಪದ್ಧತಿ. ಹಾಗೆ ಚೆಂಡು ಬೀಳಿಸಿದ ಇಸೊಬೆ ಹುಡುಕಿ ಹುಡುಕಿ ತ್ಸುಬಾಕಿ ಎಂಬ ಹೂಗಿಡವನ್ನೇ ತಂದ. ವೃತ್ತಿ ಆಟಗಾರರನ್ನು ನಾವು ‘ಪ್ರೋ’ ಎಂದೇ ಕರೆಯುವುದು. ಅವನ ಗಾಲ್ಫ್ ಚೀಲ ಹೊರುವವಳು ನಾನು, ಸುಮ್ಮನಿರಲಾಗಲಿಲ್ಲ.

“ಬೇರೆ ಗಿಡ ಸಿಗಲಿಲ್ವಾ ಪ್ರೋ? ಇದರ ಹೂವು ಎಸಳೆಸಳಾಗಿ ಉದುರಲ್ಲ, ಕತ್ತು ಕಡಿದ ಹಾಗೆ ಇಡಿಯಾಗಿ ಬೀಳುತ್ತೆ. ಅಪಶಕುನ ಅಂತ ಕಾಯಿಲೆಯವರ ಮನೆಗಂತೂ ಯಾರೂ ತಗೊಂಡು ಹೋಗಲ್ಲ.”

“ತಕೆನೊ ಅಕ್ಕಾ, ಚೀಲದ ಜೊತೆ ನಿಮ್ಮ ಅಜ್ಜೀನೂ ಹೊತ್ಕೊಂಡು ಬಂದಿದ್ದೀರಾ?” ಎಂದು ನಕ್ಕುಬಿಟ್ಟ.

ಗಿಡ ಬೆಳೆಯಿತು, ಇಸೊಬೆಯ ಹೆಸರೂ ಬೆಳೆಯಿತು. ಹೋದ ಚಳಿಗಾಲ ಅದೇ ಮೈದಾನದಲ್ಲಿ ದೊಡ್ಡ ಪಂದ್ಯ. ಅದೇ ಕುಳಿಯಿಂದ ಅವನ ಚೆಂಡು ಮೊಳದಷ್ಟು ದೂರದಲ್ಲಿತ್ತು. ಮುಟ್ಟಿಸಿದರೆ ಸಾಕು, ಗೆದ್ದಂತೆಯೇ. ಜನರೆಲ್ಲ ಉಸಿರು ಬಿಗಿಹಿಡಿದಿದ್ದರು. ಅವನ ಕೈ ಆಡಿದ್ದೇ ತಡ, ಹಿಂದೆ ‘ತಪ್’ ಎಂದಿತು. ಚೆಂಡು ಕುಳಿಯ ಅಂಚು ಸವರಿಕೊಂಡು ಆಚೆ ಹೋಯಿತು. ತಿರುಗಿ ನೋಡಿದರೆ ಹುಲ್ಲಿನ ಮೇಲೆ ಒಂದು ಕೆಂಪು ಹೂವು, ಮುಖ ಮೇಲೆ ಮಾಡಿ ಕೂತಿತ್ತು.

“ಬರೀ ಹೂವು ಪ್ರೋ,” ಎಂದೆ. ಅವನು ನಗಲಿಲ್ಲ.

ಅಂದಿನಿಂದ ಅವನು ಒಂದೂ ಪಂದ್ಯ ಗೆದ್ದಿಲ್ಲ. ಈ ವಾರ ಆಡುತ್ತಿರುವುದು ಕಡಲಂಚಿನ ಮೈದಾನದಲ್ಲಿ. ಇಲ್ಲಿರುವುದೆಲ್ಲ ಪೈನ್ ಮರಗಳೇ, ಒಂದು ಹೂಗಿಡವೂ ಇಲ್ಲ. ಬೆಳಿಗ್ಗೆ ಮೊದಲ ಕುಳಿಯ ಬಳಿ ಬಾಗಿ ನಿಂತವನು ಹೊಡೆಯಲೇ ಇಲ್ಲ. ತಲೆಯೆತ್ತಿ ಹಿಂದೆ ನೋಡಿದ.

“ಅಕ್ಕಾ, ಈಗೊಂದು ಬಿತ್ತಲ್ವಾ?”

ಬೈದೇಬಿಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ನನಗೂ ಆ ‘ತಪ್’ ಕೇಳಿಸಿತು.