ಗಿರಣಿ ಗೋಡೆಯ ಗೆರೆ

ಮೈಕಿನ ಗಾಡಿ ಎರಡನೇ ಸಲ ಬೀದಿಗೆ ಬಂದಾಗ ದರ್ಜಿಯಕ್ಕ ಮಂಚದ ಕಾಲಿನ ಕೆಳಗೆ ಕೊನೆಯ ಇಟ್ಟಿಗೆ ತುರುಕುತ್ತಿದ್ದಳು. ಮಂಚದ ಮೇಲೆ ಅತ್ತೆ. ಸೊಂಟ ಮುರಿದು ಎಂಟು ತಿಂಗಳು, ಎದ್ದು ಕೂತವರಲ್ಲ.

“ಅಣೆಕಟ್ಟಿನ ಬಾಗಿಲು ತೆರೆದಿದ್ದಾರೆ. ಸಂಜೆಯೊಳಗೆ ಹೊಳೆ ಉಕ್ಕುತ್ತದೆ. ತಗ್ಗಿನಲ್ಲಿರುವವರು ಶಾಲೆಯ ಮಹಡಿಗೆ ಹೋಗಿ!” ಎಂದು ಮೈಕು ಕೂಗಿತು.

“ತಗ್ಗಿನವರು ಅಂದ್ರೆ ಯಾರೇ?” ಅತ್ತೆ ಕೇಳಿದರು.

“ಯಾರೋ ಪಾಪ. ನಾವಲ್ಲ.”

ಯಾವ ಬೀದಿಯಲ್ಲಿ ಕೇಳಿದರೂ ಇದೇ ಉತ್ತರ. ತಗ್ಗು ಎನ್ನುವುದು ಯಾವಾಗಲೂ ಪಕ್ಕದ ಬೀದಿಯಲ್ಲೇ ಇರುತ್ತದೆ.

ದರ್ಜಿಯಕ್ಕನಿಗೆ ಧೈರ್ಯ ಕೊಟ್ಟದ್ದು ಮೂಲೆಯ ಹಿಟ್ಟಿನ ಗಿರಣಿಯ ಗೋಡೆಯ ಮೇಲಿದ್ದ ಒಂದು ಗೆರೆ. ಹದಿನೇಳು ವರ್ಷದ ಹಿಂದಿನ ದೊಡ್ಡ ನೆರೆ ಅಲ್ಲಿಯವರೆಗೆ ನಿಂತಿತ್ತಂತೆ. ಬೆಳಿಗ್ಗೆಯೇ ಹೋಗಿ ಟೇಪು ಹಿಡಿದು ಅಳೆದು ಬಂದಿದ್ದಳು. ನೆಲದಿಂದ ಇಪ್ಪತ್ತೆಂಟು ಇಂಚು. ಮಂಚವನ್ನು ಮೂವತ್ತಕ್ಕೆ ಏರಿಸಿದ್ದಳು. ಹೊಲಿಗೆಗೆ ಬಟ್ಟೆ ಬಿಡುವ ಹಾಗೆ ಎರಡು ಇಂಚು ಜಾಸ್ತಿ.

ಬಾಗಿಲಲ್ಲಿ ಗಾರೆ ಮೇಸ್ತ್ರಿ ಬಂದು ನಿಂತ. ಪಕ್ಕದ ಮನೆಯವನು. ಊಟದ ತಟ್ಟೆ ಒಂದಿಷ್ಟು ವಾಲಿದರೂ ಸರಿಮಾಡಿ ಕೂರುವವನು, ಅದಕ್ಕೇ ಬೀದಿ ಅವನಿಗೆ ಗೋಡೆಯ ಮಟ್ಟ ನೋಡುವ ಉಪಕರಣದ ಹೆಸರನ್ನೇ, ‘ರಸಮಟ್ಟ’ ಎಂದು, ಇಟ್ಟಿತ್ತು. ಹೆಗಲ ಮೇಲೆ ಒಳಗಿನ ನೀರು ಕಾಣುವಂಥ ತೆಳು ಪೈಪಿನ ಸುರುಳಿ.

“ಇನ್ನೂ ಇಲ್ಲೇ ಇದ್ದೀಯೇನಕ್ಕ? ಅಮ್ಮನ್ನ ಎತ್ತೋಕೆ ಜನ ಕರೀಲಾ?”

“ಬೇಡಣ್ಣ. ಅಲುಗಾಡಿಸಿದ್ರೆ ಸೊಂಟ ಮತ್ತೆ ಹೋಗುತ್ತೆ ಅಂದಿದ್ದಾರೆ ಡಾಕ್ಟ್ರು. ಅಳತೆ ತಗೊಂಡೇ ಮಂಚ ಏರಿಸಿದ್ದೀನಿ. ನನ್ನ ಟೇಪು ಇವತ್ತಿನವರೆಗೂ ಯಾರ ಅಂಗಿನೂ ಕೆಡಿಸಿಲ್ಲ.”

“ಎಲ್ಲಿಂದ ಅಳೆದೆ?”

“ಗಿರಣಿ ನೆಲದಿಂದ.”

“ನಿನ್ನ ಗಿರಾಕಿಗಳು ಗಿರಣಿಯಿಂದ ಇಲ್ಲಿಗೆ ಸೈಕಲ್ ತುಳೀತಾರಾ?”

ದರ್ಜಿಯಕ್ಕನ ಕೈ ನಿಂತಿತು. ಯಾರೂ ತುಳಿಯುವುದಿಲ್ಲ. ಗಿರಣಿಯ ಮೂಲೆಯಲ್ಲೇ ತುಳಿಯುವುದನ್ನು ಬಿಟ್ಟವರು ಇಳಿಜಾರಿನಲ್ಲಿ ಜಾರಿ ಇವಳ ಬಾಗಿಲಿಗೆ ಬಂದು ಬ್ರೇಕು ಹಿಡಿಯುತ್ತಾರೆ.

“ನೀರಿಗೂ ಅಷ್ಟೇ ಅಕ್ಕ, ತುಳಿಯೋ ಕಷ್ಟ ಇಲ್ಲ. ನಿಂತ ನೀರಿನ ತಲೆ ಎಲ್ಲ ಕಡೆ ಒಂದೇ ಸಮ. ನೆಲ ಇಳಿದಷ್ಟೂ ಆಳ ಹೆಚ್ಚು. ಬಾ, ಈ ತುದಿ ಹಿಡಿ.”

ಪೈಪಿಗೆ ನೀರು ತುಂಬಿ ಗಿರಣಿಯ ಗೆರೆಯಿಂದ ಹೊರಟರು. ಪೈಪಿನ ಎರಡೂ ತುದಿಗಳಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಅಲ್ಲಿಗೊಂದು ಸೀಮೆಸುಣ್ಣದ ಗುರುತು. ಆ ಗುರುತಿನಿಂದ ಮುಂದಿನ ಗೋಡೆಗೆ. ಕ್ಷೌರದಂಗಡಿಯಲ್ಲಿ ಗುರುತು ಸೊಂಟಕ್ಕೆ ಬಂತು. ಮೇಸ್ತ್ರಿಯ ಮನೆಯ ಗೋಡೆಯಲ್ಲಿ ಎದೆಗೆ. ಆಗಲೇ ಚರಂಡಿಯ ನೀರು ಹಿಂದಕ್ಕೆ ಹರಿಯತೊಡಗಿತ್ತು.

ತನ್ನ ಮನೆಯೊಳಗೆ ದರ್ಜಿಯಕ್ಕ ಪೈಪಿನ ತುದಿಯನ್ನು ಮಂಚದ ಸಮಕ್ಕೆ ಹಿಡಿದಳು. ನೀರು ಮೊಣಕೈ ಮೇಲೆ ಚೆಲ್ಲಿತು.

“ಮೇಲೆ ಹಿಡಿಯಕ್ಕ!” ಹೊರಗಿಂದ ಮೇಸ್ತ್ರಿ ಕೂಗಿದ. “ಇನ್ನೂ ಮೇಲೆ!”

ಕೈ ತಲೆಯನ್ನು ದಾಟಿದ ಮೇಲೆ ನೀರು ನಿಂತಿತು. ಗುರುತು ಹಾಕಿದಳು. ಕೊರಳಲ್ಲಿದ್ದ ಟೇಪನ್ನು ನೆಲದಿಂದ ಹಿಡಿದಳು. ಅರವತ್ತು ಇಂಚಿಗೆ ಟೇಪು ಮುಗಿಯಿತು. ಗುರುತು ಇನ್ನೂ ಮೇಲಿತ್ತು.

“ನಿನ್ನ ಪೈಪು ಸುಳ್ಳು ಹೇಳ್ತಿದ್ರೆ?” ಅವಳು ಕೇಳಿದಳು.

ಮೇಸ್ತ್ರಿ ಒಳಗೆ ಬಂದ. ಕರಣೆಯಿಂದ ಗುರುತಿನ ಸುತ್ತ ಗೋಡೆ ಕೆರೆದ. ನೀಲಿ ಬಣ್ಣ ಉದುರಿತು, ಅದರಡಿ ಹಳದಿ, ಅದರಡಿ ಸುಣ್ಣ. ಸುಣ್ಣದ ಕೆಳಗೆ ಸರಿಯಾಗಿ ಅದೇ ಎತ್ತರದಲ್ಲಿ ಕೆಸರಿನ ಕಂದು ಗೆರೆ ಅಡ್ಡಕ್ಕೆ ಮಲಗಿತ್ತು.

ಅಂದರೆ ಬಣ್ಣ ಬಳಿಸಿದ ಮನೆಯ ಮಾಲೀಕನಿಗೆ ಗೊತ್ತಿತ್ತು. ಬಾಡಿಗೆಗೆ ಕೊಡುವಾಗ ನಲ್ಲಿ ತೋರಿಸಿದ್ದ, ಕಿಟಕಿ ತೋರಿಸಿದ್ದ. ಇದನ್ನು ಮಾತ್ರ ತೋರಿಸಿರಲಿಲ್ಲ.

“ಜನ ಕರಿ ಅಣ್ಣ,” ಎಂದಳು ದರ್ಜಿಯಕ್ಕ.

ಬಟ್ಟೆ ಕತ್ತರಿಸುವ ಮೇಜಿನ ಹಲಗೆ ಕಳಚಿದರು. ಅತ್ತೆಯನ್ನು ಅದರ ಮೇಲೆ ಮಲಗಿಸಿ, ಸೊಂಟ ಅಲುಗದಂತೆ ಬಟ್ಟೆಪಟ್ಟಿಗಳಿಂದ ಬಿಗಿದರು. “ಅಳತೆ ತಗೊಳ್ಳದೇ ಹೊಲಿದುಬಿಟ್ಟೆಯಲ್ಲೇ ನನ್ನ!” ಎಂದರು ಅತ್ತೆ. ನೀರು ಹೊಸ್ತಿಲಿಗೆ ಬಂದಿತ್ತು. ನಾಲ್ವರು ಹಲಗೆ ಹೊತ್ತರು, ಅವಳು ಅತ್ತೆಯ ಕೈ ಹಿಡಿದು ನಡೆದಳು. ಶಾಲೆಯ ಮೆಟ್ಟಿಲು ತಲುಪುವಷ್ಟರಲ್ಲಿ ಹೊತ್ತವರ ತೊಡೆಯವರೆಗೆ ನೀರಿತ್ತು.

ಮೂರನೆಯ ದಿನ ನೀರಿಳಿಯಿತು. ಗೋಡೆಯ ಮೇಲೆ ಹೊಸ ಕೆಸರಿನ ಗೆರೆ. ಈ ಸಲ ಟೇಪು ಸಾಕಾಯಿತು. ಐವತ್ತೆರಡು ಇಂಚು. ಹಳೆಯ ಗೆರೆಯನ್ನು ನೀರು ಮುಟ್ಟಿರಲಿಲ್ಲ. ಆದರೆ ಮಂಚವನ್ನು ಮುಳುಗಿಸಿ ಇಪ್ಪತ್ತೆರಡು ಇಂಚು ಮೇಲೆ ನಿಂತು ಹೋಗಿತ್ತು. ಅತ್ತೆಯ ದಿಂಬು ಬಾಗಿಲ ಹಿಂದೆ ಕೆಸರಿನಲ್ಲಿ ಹೂತಿತ್ತು. ದರ್ಜಿಯಕ್ಕ ಅದನ್ನು ಕೆಸರಿನಿಂದ ಎಳೆದು ಹೊರಗೆ ಹಾಕಿದಳು.

ಮನೆಯ ಮಾಲೀಕ ಬಣ್ಣದ ಡಬ್ಬಿಯೊಂದಿಗೆ ಬಂದಾಗ ಅವಳು ಎಣ್ಣೆಬಣ್ಣದಲ್ಲಿ ಎರಡೂ ಗೆರೆಗಳನ್ನು ಎಳೆದು ಪಕ್ಕದಲ್ಲಿ ವರ್ಷ ಬರೆಯುತ್ತಿದ್ದಳು.

“ಅಯ್ಯೋ, ಅಳಿಸಮ್ಮ! ಆಮೇಲೆ ಈ ಮನೆಗೆ ಯಾರು ಬರ್ತಾರೆ?”

“ಬಣ್ಣ ಹೊಡೆಸಿ ಸ್ವಾಮಿ. ಗೆರೆ ಬಿಟ್ಟು ಹೊಡೆಸಿ.”

“ಗೋಡೆ ನಂದು!”

“ಗೋಡೆ ನಿಮ್ದೇ. ಗೆರೆ ನಮ್ದು. ಅದರ ಕೆಳಗೆ ಮಲಗೋರು ನಾವು.”

ಓದುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಬೀದಿಯಲ್ಲೂ ಒಂದು ಗೆರೆ ಇದೆ. ಸೇತುವೆಯ ಕಂಬದ ಮೇಲೋ, ಶಾಲೆಯ ಗೋಡೆಯ ಮೇಲೋ, ಯಾರದೋ ಸುಣ್ಣದ ಅಡಿಯಲ್ಲೋ. ಹುಡುಕಿ, ಹಿರಿಯರನ್ನು ಕೇಳಿ. ಗೆರೆ ಎಷ್ಟು ಇಂಚಿದೆ ಎಂದು ಅಳೆದು ಸುಮ್ಮನಾಗಬೇಡಿ. ನೀರು ತುಂಬಿದ ಪೈಪು ಹಿಡಿದು ಅದನ್ನು ನಿಮ್ಮ ಮನೆಯೊಳಗೆ ತನ್ನಿ. ಎರಡು ಗೆರೆಗಳಿದ್ದರೆ ಮೇಲಿನದನ್ನೇ ನಂಬಿ, ಮೈಕು ಕೂಗಿದಾಗ ಅದಕ್ಕಿಂತ ಎತ್ತರದ ಜಾಗಕ್ಕೆ ಹೊರಡಿ. ಅದನ್ನೂ ದಾಟುವ ನೀರು ಮುಂದೆ ಬರಬಹುದು, ನೆನಪಿರಲಿ. ಬಾಡಿಗೆಗೆ ಹೋಗುವ ಮುನ್ನ ನಲ್ಲಿ ಕೇಳುವ ಹಾಗೆಯೇ ಗೆರೆಯನ್ನೂ ಕೇಳಿ. ಪ್ರತಿ ಕಂಬದ ಮೇಲೂ ಗೆರೆ ಹಾಕಿಸಿ ಎಂದು ಕಚೇರಿಯ ಮುಂದೆ ಗುಂಪಾಗಿ ಹೋಗಿ ನಿಲ್ಲಿ. ಅಳಿಸಲು ಬಂದವರ ಕೈಯಿಂದ ಕುಂಚ ಕಿತ್ತುಕೊಳ್ಳಿ.

ಇವತ್ತು ಮಲಗುವ ಮುನ್ನ ದಿಂಬಿನ ಮೇಲೆ ತಲೆಯಿಟ್ಟು ಎದುರಿನ ಗೋಡೆ ನೋಡಿ. ಆ ಗೆರೆ ನಿಮ್ಮ ತಲೆಗಿಂತ ಎಷ್ಟು ಮೇಲಿದೆ?