ಕಲ್ಲು ತುಂಬಿದ ಟ್ರೈಲರ್

ಬೆಳಿಗ್ಗೆ ಆರೂವರೆಯಾಗಿತ್ತು. ಏಳರೊಳಗೆ ಗುಂಡಿಯಲ್ಲಿ ಬೆಂಕಿ ಹತ್ತದಿದ್ದರೆ ಹೆರೆನಿ ಅಜ್ಜಿಯ ಎಂಬತ್ತನೇ ಹುಟ್ಟುಹಬ್ಬದ ಹಾಂಗಿ, ಅಂದರೆ ನೆಲದೊಳಗೆ ಬೇಯಿಸುವ ಹಬ್ಬದಡುಗೆ, ಮಧ್ಯಾಹ್ನದ ಹೊತ್ತಿಗೆ ಬೇಯುವುದಿಲ್ಲ. ಕಲ್ಲು ಕೆಂಪಗೆ ಕಾಯಬೇಕು, ಮಾಂಸ, ಗೆಣಸಿನ ಬುಟ್ಟಿಗಳನ್ನು ಅದರ ಮೇಲಿಟ್ಟು ಮಣ್ಣು ಮುಚ್ಚಿ ಮೂರು ಗಂಟೆ ಕಾಯಬೇಕು. ಉಣ್ಣುವವರು ಇನ್ನೂರು ಜನ. ಕಲ್ಲು, ಕಟ್ಟಿಗೆ ಎರಡೂ ಪಾವೊರಾ ಮಾಮನ ಟ್ರೈಲರ್‌ನಲ್ಲಿದ್ದವು. ಟ್ರೈಲರ್ ಮಾತ್ರ ಅಡುಗೆಮನೆಯ ಗೋಡೆಗೂ ನೀರಿನ ಟ್ಯಾಂಕಿಗೂ ನಡುವಿನ ಓಣಿಯ ಬಾಯಲ್ಲಿ ಸೊಟ್ಟಗೆ ನಿಂತಿತ್ತು.

ಓಣಿಯ ಕೊನೆಗೆ ಗುಂಡಿ. ಅಲ್ಲಿ ಕಾರು ತಿರುಗಿಸಲು ಜಾಗವಿಲ್ಲ, ಹಿಮ್ಮುಖವಾಗಿಯೇ ಹೋಗಬೇಕು. ಪಾವೊರಾ ಮಾಮ ಆಗಲೇ ಏಳು ಸಲ ಪ್ರಯತ್ನಿಸಿದ್ದ.

"ಎಡಕ್ಕೆ! ಎಡಕ್ಕೆ!" ಹಿಂದೆ ನಿಂತ ತಾಮತಿ ಮಾಮ ಕೂಗಿದ.

"ನಿನ್ನ ಎಡಾನೋ ನನ್ನ ಎಡಾನೋ?"

"ಟ್ರೈಲರ್ ಎಡ ಕಣೋ!"

"ಟ್ರೈಲರ್‌ಗೆ ಮುಖ ಎಲ್ಲಿದೆ ಮಾರಾಯ, ಎಡ ಬಲ ನೋಡೋಕೆ?"

ಟ್ರೈಲರ್ ಕಾರಿನ ಕೊಕ್ಕೆಯ ಬಳಿ ಗಕ್ಕನೆ ಮಡಚಿಕೊಂಡು ಟ್ಯಾಂಕಿಗೆ ಹಿಂಬದಿಯ ಮೂಲೆ ತಾಗಿಸಿತು. ಕಿಟಕಿಯಲ್ಲಿ ನಿಂತು ಗೆಣಸು ಸುಲಿಯುತ್ತಿದ್ದ ಅತ್ತೆಯರೆಲ್ಲ ಹೋ ಎಂದರು.

"ಕೊಕ್ಕೆ ಬಿಚ್ಚಿ ಕೈಯಲ್ಲೇ ತಳ್ಳೋಣ," ಎಂದ ತಾಮತಿ ಮಾಮ.

"ಇಳಿಜಾರು ಕಾಣಿಸ್ತಿಲ್ವಾ? ಕಲ್ಲಿನ ಭಾರಕ್ಕೆ ನಿನ್ನನ್ನೂ ಎಳ್ಕೊಂಡು ಗುಂಡಿಗೆ ಬೀಳುತ್ತೆ. ಆಮೇಲೆ ಹಂದಿ ಜೊತೆ ನಿನ್ನನ್ನೂ ಬೇಯಿಸಬೇಕಾಗುತ್ತೆ," ಎಂದಳು ಅತ್ತೆಯರಲ್ಲೊಬ್ಬಳು.

ಮೆರೆಪೆಕಾ ಬಾಗಿಲ ಬಳಿ ಬುಟ್ಟಿಗಳ ಮೇಲೆ ಹೊದಿಸುವ ಒದ್ದೆ ಗೋಣಿಚೀಲಗಳನ್ನು ಹಿಡಿದು ನಿಂತಿದ್ದಳು. ಹದಿನೈದಕ್ಕೆ ಶಾಲೆ ಬಿಟ್ಟವಳು, ಈಗ ಊರಿನವರು ಕಸ ತಂದು ಸುರಿಯುವ ಅಂಗಳದಲ್ಲಿ ಹಣ ಕಟ್ಟಿಸಿಕೊಳ್ಳುವ ಗೂಡಿನಲ್ಲಿ ಕೂರುತ್ತಾಳೆ. ಪ್ರತಿ ಶನಿವಾರ ಊರಿನ ಮುಕ್ಕಾಲು ಪಾಲು ಜನ ಕಾರಿಗೆ ಟ್ರೈಲರ್ ಕಟ್ಟಿಕೊಂಡು ಬಂದು ಅವಳ ಕಣ್ಣೆದುರೇ ಹಿಮ್ಮುಖವಾಗಿ ನುಗ್ಗಿಸಲು ಹೆಣಗುತ್ತಾರೆ. ನಾಲ್ಕು ವರ್ಷದಲ್ಲಿ ಅವಳು ಕಂಡ ತಪ್ಪು ಒಂದೇ: ಸ್ಟೀರಿಂಗನ್ನು ಅತಿಯಾಗಿ ತಿರುಗಿಸುವುದು, ತಿರುಗಿಸಿದ್ದನ್ನು ತಡವಾಗಿ ವಾಪಸು ತರುವುದು. ಟ್ರೈಲರ್ ಚಿಕ್ಕದಾದಷ್ಟೂ ಬೇಗ ಮಡಚಿಕೊಳ್ಳುತ್ತದೆ. ಪುಟ್ಟ ಹಸಿರು ಕಾರಿನಲ್ಲಿ ಬರುವ ಮುದುಕಿಯೊಬ್ಬಳಿಗೆ ಮಾತ್ರ ಎಂದೂ ಎರಡನೇ ಸಲ ಬೇಕಾಗಿರಲಿಲ್ಲ. ಅವಳು ಸ್ಟೀರಿಂಗಿನ ಕೆಳಭಾಗ ಹಿಡಿಯುತ್ತಿದ್ದಳು. ಕೈ ಹೋದ ಕಡೆ ಟ್ರೈಲರ್ ಹೋಗುತ್ತಿತ್ತು. ಸಂಜೆ ಗೇಟು ಮುಚ್ಚಿದ ಮೇಲೆ ಮೆರೆಪೆಕಾ ಖಾಲಿ ಅಂಗಳದಲ್ಲಿ ತನ್ನ ಕಾರಿಗೆ ಅಲ್ಲಿನ ಟ್ರೈಲರ್ ಕಟ್ಟಿ ಅದನ್ನೇ ಅಭ್ಯಾಸ ಮಾಡಿದ್ದಳು. ಯಾರಿಗೂ ಹೇಳಿರಲಿಲ್ಲ.

ಒಂಬತ್ತನೇ ಸಲವೂ ಟ್ರೈಲರ್ ಮಡಚಿಕೊಂಡಿತು. ಅಡುಗೆಮನೆಯ ಗಡಿಯಾರದಲ್ಲಿ ಏಳಕ್ಕೆ ಹತ್ತು ನಿಮಿಷ ಬಾಕಿಯಿತ್ತು.

ಅವಳು ಚೀಲಗಳನ್ನು ಕೆಳಗಿಟ್ಟು ಕಾರಿನ ಬಳಿ ಹೋದಳು.

"ಮಾಮ, ಇಳಿ. ನಾನು ಹಾಕ್ತೀನಿ."

"ನೀನಾ?" ಪಾವೊರಾ ಮಾಮ ನಕ್ಕ. "ಪುಟ್ಟಿ, ನನ್ನ ಟ್ರೈಲರ್‌ನ ನನ್ನ ಹೆಂಡ್ತಿಗೂ ಕೊಟ್ಟಿಲ್ಲ."

"ಅತ್ತೆಗೆ ಕೊಟ್ಟಿದ್ರೆ ಇಷ್ಟೊತ್ತಿಗೆ ಒಳಗಿರ್ತಿತ್ತು."

ಅಡುಗೆಮನೆಯ ಕಿಟಕಿ ತುಂಬ ನಗು ಎದ್ದಿತು. ಅಷ್ಟು ಉದ್ದದ ಮಾತು ಅವಳ ಬಾಯಿಂದ ಯಾರೂ ಕೇಳಿರಲಿಲ್ಲ. ಮಾಮ ಕೆಂಪಗಾಗಿ ಇಳಿದ.

ಅವಳು ಕೂತು ಕಾರನ್ನು ಮುಂದಕ್ಕೆ ಎಳೆದು ಟ್ರೈಲರನ್ನು ನೆಟ್ಟಗೆ ಮಾಡಿಕೊಂಡಳು. ಆಗಲೇ ಹಿಂದಿನಿಂದ ಐದಾರು ದನಿ ಒಟ್ಟಿಗೆ ಶುರುವಾದವು. "ಬಲಕ್ಕೆ!" "ಅಯ್ಯೋ ಸಾಕು!" "ಇನ್ನೂ ಸ್ವಲ್ಪ!"

ಮೆರೆಪೆಕಾ ಬ್ರೇಕ್ ಒತ್ತಿ ತಲೆ ಹೊರಗೆ ಹಾಕಿದಳು.

"ಎಲ್ಲರೂ ಬಾಯ್ಮುಚ್ಕೊಳ್ಳಿ! ತಾಮತಿ ಮಾಮ, ನೀನು ಗುಂಡಿ ಹತ್ರ ನಿಲ್ಲು, ಮುಟ್ಟೋ ಹಾಗಾದ್ರೆ ಮಾತ್ರ ಕೈ ಎತ್ತು. ಬೇರೆ ಯಾರೂ ಬೇಡ."

ಗೆಣಸು ಸುಲಿಯುವ ಸದ್ದೂ ನಿಂತಿತು.

ಸ್ಟೀರಿಂಗಿನ ಕೆಳಗೆ ಒಂದೇ ಕೈ. ಕಾರು ಆಮೆಯ ನಡಿಗೆಯಲ್ಲಿ ಹಿಂದೆ ಸರಿಯಿತು. ಟ್ರೈಲರ್ ಟ್ಯಾಂಕಿನ ಕಡೆ ಒಂದಿಷ್ಟು ವಾಲಿತು. ಅವಳು ಕೈಯನ್ನು ಗೋಡೆಯ ಕಡೆ ಎರಡು ಬೆರಳಷ್ಟು ತಂದಳು, ಅದು ನೆಟ್ಟಗಾಗುವ ಮೊದಲೇ ಕೈಯನ್ನು ನಡುವಿಗೆ ಮರಳಿಸಿದಳು. ಕನ್ನಡಿಯಲ್ಲಿ ಎರಡೂ ಚಕ್ರಗಳು ಸಮನಾಗಿ ಕಂಡವು. ಗೋಡೆ ದಾಟಿತು. ಟ್ಯಾಂಕು ದಾಟಿತು. ಇಳಿಜಾರಿನಲ್ಲಿ ಭಾರ ಎಳೆಯಿತು, ಬ್ರೇಕ್ ಮೇಲಿನ ಕಾಲು ಅಲುಗಲಿಲ್ಲ. ತಾಮತಿ ಮಾಮನ ಕೈ ಮೇಲೆದ್ದಾಗ ಗುಂಡಿಯ ಅಂಚು ಒಂದು ಮೊಳ ದೂರವಿತ್ತು.

ಅತ್ತೆಯರು ಪಾತ್ರೆಗಳಿಗೆ ಚಾಕು ಬಡಿದು ಕೇಕೆ ಹಾಕಿದರು. ಹತ್ತಾರು ಕೈಗಳು ಕಲ್ಲು, ಕಟ್ಟಿಗೆ ಇಳಿಸಿದವು. ಮೆರೆಪೆಕಾ ಖಾಲಿ ಟ್ರೈಲರನ್ನು ಓಣಿಯ ಬಾಯಿಗೆ ಎಳೆದು ನಿಲ್ಲಿಸಿದಳು. ಏಳಕ್ಕೆ ಎರಡು ನಿಮಿಷವಿರುವಾಗ ಜ್ವಾಲೆ ಎದೆಯೆತ್ತರ ಎದ್ದಿತು.

ಪಾವೊರಾ ಮಾಮ ಕಾರಿನ ಕಿಟಕಿಗೆ ಬಾಗಿದ. "ಎಲ್ಲಿ ಕಲಿತೆ?"

"ನೀವೆಲ್ಲ ಕಸ ಹಾಕೋಕೆ ಬರೋವಾಗ."

"ಅಂದ್ರೆ ನನ್ನನ್ನ ನೋಡಿ ಕಲಿತೆ!"

"ಹ್ಞೂಂ ಮಾಮ. ಹೇಗೆ ಮಾಡಬಾರದು ಅಂತ."

ಅವನೇ ಮೊದಲು ನಕ್ಕ. "ಮನೇಲಿ ಇನ್ನೊಂದು ಲೋಡ್ ಕಟ್ಟಿಗೆ ಇದೆ. ತರ್ತೀಯಾ?"

ಆಗ ಕಾರಿನ ಎಡಗಡೆಯ ಬಾಗಿಲು ತೆರೆಯಿತು. ಹೆರೆನಿ ಅಜ್ಜಿ ಹಬ್ಬದ ಹೊಸ ಟೋಪಿ ಹಾಕಿಕೊಂಡು, ಉಸ್ಸೆಂದು ಕೂತು, ಬೆಲ್ಟ್ ಎಳೆದುಕೊಂಡಳು.

"ಅಜ್ಜಿ, ನೀನೆಲ್ಲಿಗೆ?"

"ಎಂಬತ್ತು ವರ್ಷದಿಂದ ಈ ಗಂಡಸರ ಎಡ ಬಲ ಕೇಳಿದ್ದು ಸಾಕಾಗಿದೆ," ಎಂದಳು ಅಜ್ಜಿ. "ನಡಿಯೇ. ವಾಪಸ್ ಬರುವಾಗ ಸ್ವಲ್ಪ ಜೋರಾಗಿ ಬಾ, ಎಲ್ಲರೂ ನೋಡಲಿ."